ಅಡಗಿದ ವೈರಸ್ಸನ್ನು ಹುಡುಕಿದ ಡುಲ್ಬೆಕೊ

1949ರ ಬೇಸಿಗೆ. ಹಳೇ ಕಾರು, ಹಿಂದೆ ಪುಟ್ಟ ಟ್ರೇಲರ್, ಅದರಲ್ಲಿ ಇದ್ದಬದ್ದ ಸಾಮಾನು. ಇಟಲಿ ಬಿಟ್ಟು ಎರಡೇ ವರ್ಷವಾಗಿದ್ದ ಡಾಕ್ಟರೊಬ್ಬರು ಸಂಸಾರ ಸಮೇತ ಇಂಡಿಯಾನಾದಿಂದ ನಮ್ಮ ಲಾಸ್ ಏಂಜಲೀಸ್ ಪಕ್ಕದ ಪಸಡೀನಾಕ್ಕೆ ಹೊರಟಿದ್ದರು. ಅವರೇ ರೆನಾಟೊ ಡುಲ್ಬೆಕೊ. ಕೆಲಸಕ್ಕಾಗಿ ಊರು ಬಿಟ್ಟು ಬಂದ ನಮಗೆ ಈ ಪ್ರಯಾಣ ಹೊಸದೇನಲ್ಲ.

ಡುಲ್ಬೆಕೊ ಹುಟ್ಟಿದ್ದು 1914ರಲ್ಲಿ. ಟ್ಯೂರಿನ್‌ನಲ್ಲಿ ವೈದ್ಯಕೀಯ ಓದಿದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಡಾಕ್ಟರಾಗಿ ರಷ್ಯಾಕ್ಕೆ ಹೋಗಿ, ಗಾಯಗೊಂಡು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಗೆಳೆಯ ಸಾಲ್ವಡೋರ್ ಲೂರಿಯಾ ಕರೆದದ್ದಕ್ಕೆ 1947ರಲ್ಲಿ ಅಮೆರಿಕಕ್ಕೆ ಬಂದರು.

ಪಸಡೀನಾದ ಕ್ಯಾಲ್‌ಟೆಕ್‌ನಲ್ಲಿ, ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ತೆಳು ಪದರ ಬೆಳೆಸಿ, ಅದರ ಮೇಲೆ ವೈರಸ್ ಬಿಟ್ಟರು. ಒಂದೊಂದು ವೈರಸ್ ಇಳಿದ ಕಡೆ ಒಂದೊಂದು ತೂತು ಬಿತ್ತು. ತೂತು ಎಣಿಸಿದರೆ ವೈರಸ್ಸಿನ ಲೆಕ್ಕ ಸಿಕ್ಕಿತು! 1952ರ ಈ ವಿಧಾನ ಪೋಲಿಯೋ ಸಂಶೋಧನೆಗೂ ನೆರವಾಯಿತು.

ಆಮೇಲೆ ಪಾಲಿಯೋಮ ಎಂಬ ವೈರಸ್ ಹಿಡಿದರು. ಜೊತೆಗೆ ಜರ್ಮನಿಯಿಂದ ವಲಸೆ ಬಂದ ಮಾರ್ಗರೀಟ್ ವೋಗ್ಟ್. ಈ ವೈರಸ್ ಕೆಲವು ಕೋಶಗಳನ್ನು ಕೊಲ್ಲುತ್ತಿತ್ತು. ಇನ್ನು ಕೆಲವು ಸಾಯದೆ, ಕ್ಯಾನ್ಸರ್ ಕೋಶಗಳ ಹಾಗೆ ಬೆಳೆಯುತ್ತಲೇ ಹೋದವು. ಅಂಥವುಗಳಲ್ಲಿ ನೋಡಿದರೆ ವೈರಸ್ಸೇ ಇಲ್ಲ. ಹಾಗಾದರೆ ಎಲ್ಲಿ ಹೋಯಿತು?

ಉತ್ತರ ಸಿಕ್ಕಿದ್ದು ನಮ್ಮ ಸ್ಯಾನ್ ಡಿಯಾಗೊದ ಲಾ ಹೋಯಾದಲ್ಲಿ, ಸಾಲ್ಕ್ ಸಂಸ್ಥೆಯಲ್ಲಿ. ಪಾಲಿಯೋಮದ ಹತ್ತಿರದ ಬಂಧು ಎಸ್‌ವಿ40 ವೈರಸ್ಸಿನ ಡಿಎನ್‌ಎ, ಕೋಶದ ಸ್ವಂತ ಡಿಎನ್‌ಎಗೇ ಸೇರಿಕೊಂಡುಬಿಟ್ಟಿದೆ ಎಂದು 1968ರಲ್ಲಿ ಅವರ ತಂಡ ತೋರಿಸಿತು. ಬಾಡಿಗೆಗೆ ಬಂದವನು ಮನೆಯ ಪತ್ರದಲ್ಲೇ ತನ್ನ ಹೆಸರು ಬರೆಸಿಕೊಂಡ ಹಾಗೆ! ಕೋಶ ಒಡೆದು ಎರಡಾದಾಗೆಲ್ಲ ಅದೂ ನಕಲಾಗುತ್ತದೆ. ವೈರಸ್ಸಿನ ಜೀನ್‌ಗಳಿಂದ ತಯಾರಾಗುವ ಪ್ರೋಟೀನು, ಸುಮ್ಮನಿರಬೇಕಾದ ಕೋಶದ ಜೀನ್‌ಗಳನ್ನು ಎಬ್ಬಿಸಿ, ಬೆಳೆ ಬೆಳೆ ಎಂದು ದುಡಿಸುತ್ತದೆ.

1975ರಲ್ಲಿ ಡುಲ್ಬೆಕೊ ಅವರಿಗೆ, ಡೇವಿಡ್ ಬಾಲ್ಟಿಮೋರ್ ಮತ್ತು ತಮ್ಮ ಶಿಷ್ಯ ಹೊವಾರ್ಡ್ ಟೆಮಿನ್ ಜೊತೆ ನೊಬೆಲ್ ಬಂತು. ವೋಗ್ಟ್ ಅವರಿಗೆ ಅದರಲ್ಲಿ ಪಾಲು ಸಿಗಲಿಲ್ಲ. ಸಿಗರೇಟಿನಿಂದ ಕ್ಯಾನ್ಸರ್ ಬರುವುದು ಗೊತ್ತಿದ್ದೂ ಸರ್ಕಾರಗಳು ಸುಮ್ಮನಿವೆ ಎಂದು ಡುಲ್ಬೆಕೊ ಆ ಸಂದರ್ಭದಲ್ಲೇ ಟೀಕಿಸಿದರು. 1986ರಲ್ಲಿ, ಮನುಷ್ಯನ ಇಡೀ ಡಿಎನ್‌ಎ ಓದೋಣ ಎಂದು ಕರೆ ಕೊಟ್ಟವರಲ್ಲೂ ಮುಂದಿದ್ದರು. 2012ರ ಫೆಬ್ರವರಿಯಲ್ಲಿ ಲಾ ಹೋಯಾದಲ್ಲೇ ತೀರಿಕೊಂಡರು. 98 ತುಂಬಲು ಮೂರೇ ದಿನ ಬಾಕಿಯಿತ್ತು.

ಇದು ನಮ್ಮ ಮನೆಗೂ ಸೇರಿದ ವಿಷಯ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸೂ ಹಲವು ಬಾರಿ ಹೀಗೇ ಕೋಶದ ಡಿಎನ್‌ಎ ಸೇರುತ್ತದೆ. ಅದು ಒಳಗೆ ಬರುವ ಮೊದಲೇ ತಡೆಯಲು ಲಸಿಕೆ ಇದೆ. ಇಲ್ಲಿ 11-12ನೇ ವಯಸ್ಸಿನಲ್ಲಿ ಹೆಣ್ಣು, ಗಂಡು ಇಬ್ಬರಿಗೂ ಕೊಡುತ್ತಾರೆ. ಮುಂದಿನ ಸಲ ಮಕ್ಕಳ ಡಾಕ್ಟರ ಹತ್ತಿರ ಹೋದಾಗ, ಸಂಕೋಚ ಬಿಟ್ಟು ಕೇಳಿ.