ಮಹಾಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ, ಈ ನಗರದ ಸಕಲ ಮತಸ್ಥರಿಗೂ ತಾಯಿಯಂತಿದ್ದ ಮಹನೀಯರೊಬ್ಬರ ಜೀವನವನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಅವರೇ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣೀವಿಲಾಸ ಸನ್ನಿಧಾನದವರು.

ಕಳಲೆಯ ಅರಸು ಮನೆತನದಲ್ಲಿ 1866ರಲ್ಲಿ ಜನಿಸಿದ ಇವರು 1878ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕೈಹಿಡಿದು ಮೈಸೂರು ಅರಮನೆಗೆ ಬಂದರು. ಆಗ ಅವರಿನ್ನೂ ಬಾಲೆ. 1894ರ ಡಿಸೆಂಬರ್ 28ರಂದು, ಕಲ್ಕತ್ತಾ ಪ್ರವಾಸದಲ್ಲಿದ್ದ ಮಹಾರಾಜರು ಗಂಟಲಮಾರಿ ರೋಗಕ್ಕೆ ತುತ್ತಾಗಿ ಮೂವತ್ತೊಂದನೆಯ ವಯಸ್ಸಿನಲ್ಲಿಯೇ ಅಸ್ತಂಗತರಾದರು. ಹಿರಿಯ ಕುಮಾರ ಕೃಷ್ಣರಾಜರಿಗೆ ಆಗ ಕೇವಲ ಹತ್ತು ವರ್ಷ. 1895ರ ಫೆಬ್ರವರಿ 1ರಂದು ಬಾಲಕನಿಗೆ ಪಟ್ಟಾಭಿಷೇಕವಾಯಿತು. ರಾಜ್ಯಭಾರದ ಹೊಣೆಯನ್ನು ತಾಯಿಯೇ ಹೊತ್ತರು. ವೈಧವ್ಯದ ದುಃಖ ಆರುವ ಮುನ್ನವೇ ಮಗನನ್ನೂ ನಾಡನ್ನೂ ಒಟ್ಟಿಗೆ ಬೆಳೆಸಬೇಕಾದ ಭಾರ ಅವರದಾಯಿತು.

ಪರೀಕ್ಷೆಗಳು ಅಲ್ಲಿಗೆ ಮುಗಿಯಲಿಲ್ಲ. 1897ರಲ್ಲಿ ಹಿರಿಯ ರಾಜಕುಮಾರಿಯ ವಿವಾಹದ ಸಂಭ್ರಮದ ಸಮಯದಲ್ಲಿಯೇ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ಮಾರಿ ಸಂಸ್ಥಾನವನ್ನು ಪ್ರವೇಶಿಸಿತು. ಆದರೂ ಆ ತಾಯಿ ಎದೆಗುಂದಲಿಲ್ಲ. ಸುಟ್ಟುಹೋದ ಸ್ಥಳದಲ್ಲಿಯೇ ಹೊಸ ಅರಮನೆ ಮೇಲೆದ್ದು 1912ರಲ್ಲಿ ಪೂರ್ಣಗೊಂಡಿತು. ಅವರ ಆಡಳಿತದಲ್ಲಿಯೇ ವೇದಾವತಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು; ಆ ಜಲಾಶಯ ಇಂದಿಗೂ ವಾಣೀವಿಲಾಸ ಸಾಗರವೆಂದೇ ಹೆಸರಾಗಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು.

ಕ್ರೈಸ್ತರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೊಂದುಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ನೇತೃತ್ವದಲ್ಲಿ ಮಹಾರಾಣಿಯವರಿಗೆ ನೆರವಾದ ಆಡಳಿತ ಮಂಡಲಿಯಲ್ಲಿ ಪಿ. ಎನ್. ಕೃಷ್ಣಮೂರ್ತಿ ಹಾಗೂ ಅಬ್ದುಲ್ ರಹಮಾನ್ ಅವರೊಡನೆ ನಮ್ಮವರೇ ಆದ ಟಿ. ಆರ್. ಎ. ತಂಬೂಚೆಟ್ಟಿಯವರೂ ಇದ್ದರು. ಯೋಗ್ಯತೆಗೆ ಮತದ ಗೋಡೆಯಿಲ್ಲವೆಂಬ ಪಾಠವನ್ನು ಬಾಲಕ ಕೃಷ್ಣರಾಜರು ತಾಯಿಯ ಆಡಳಿತದಲ್ಲಿಯೇ ಕಂಡರು. ಮುಂದೆ 1933ರ ಅಕ್ಟೋಬರ್ 28ರಂದು ಸಂತ ಫಿಲೋಮಿನಾ ದೇವಾಲಯಕ್ಕೆ ಅಸ್ತಿಭಾರ ಶಿಲೆಯನ್ನಿಟ್ಟವರು ಅದೇ ನಾಲ್ವಡಿ ಕೃಷ್ಣರಾಜ ಒಡೆಯರು.

1902ರ ಆಗಸ್ಟ್ 8ರಂದು ಮಗನಿಗೆ ರಾಜ್ಯವನ್ನೊಪ್ಪಿಸಿ ಮಹಾರಾಣಿಯವರು ನಿರಾಳರಾದರು. ಆದರೆ ತಾಯ್ತನದ ಶಿಲುಬೆ ಇನ್ನೂ ಇತ್ತು. ಮಗಳು ಕೃಷ್ಣಾಜಮ್ಮಣ್ಣಿಯವರನ್ನೂ ಆಕೆಯ ಎಳೆಯ ಹೆಣ್ಣುಮಕ್ಕಳನ್ನೂ ಕ್ಷಯರೋಗವು ಬಲಿ ತೆಗೆದುಕೊಂಡಿತು. ರಾಜವೈದ್ಯರಿದ್ದೂ ಉಳಿಸಿಕೊಳ್ಳಲಾಗಲಿಲ್ಲ. ಸೋದರಿಯ ನೆನಪಿಗಾಗಿ ಮಹಾರಾಜರು ಗೋರಿಯನ್ನಾಗಲಿ ಮಂಟಪವನ್ನಾಗಲಿ ಕಟ್ಟಿಸಿ ಸುಮ್ಮನಾಗಲಿಲ್ಲ. ಈ ನಗರದಲ್ಲಿ ಆಕೆಯ ಹೆಸರಿನ ಕ್ಷಯರೋಗ ಆಸ್ಪತ್ರೆಯನ್ನು ಸ್ಥಾಪಿಸಿದರು. ರಾಜಪುತ್ರಿಗೆ ದೊರೆಯದ ಆಯುಸ್ಸು ಬಡವರ ಮಕ್ಕಳಿಗಾದರೂ ದೊರೆಯಲೆಂಬ ಹಂಬಲ ಅದರಲ್ಲಿ ನಮಗೆ ಕಾಣುತ್ತದೆ.

1919ರಲ್ಲಿ ಮೊಮ್ಮಗ ಜಯಚಾಮರಾಜರು ಜನಿಸಿದಾಗ ಅರಮನೆಯಲ್ಲಿ ಮತ್ತೆ ತೊಟ್ಟಿಲು ತೂಗಿತು. 1934ರ ಜುಲೈನಲ್ಲಿ ಮಹಾಮಾತೃಶ್ರೀಯವರು ಕಣ್ಮುಚ್ಚಿದರು. ಮರುವರ್ಷ ಬೆಂಗಳೂರಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ತೆರೆದ ಆಸ್ಪತ್ರೆ ವಾಣೀವಿಲಾಸದ ಹೆಸರನ್ನೇ ಹೊತ್ತಿತು. ಅಲ್ಲಿ ಇಂದಿಗೂ ಶಿಶುಗಳು ಹುಟ್ಟುತ್ತಿವೆ.

ಅಗಲಿದವರ ಹೆಸರಿನಲ್ಲಿ ಬದುಕುವವರಿಗೆ ನೆರವಾಗುವುದು ಈ ಮನೆತನದ ಸಂಪ್ರದಾಯವೇ ಆಯಿತು. ನಮ್ಮ ಕುಟುಂಬಗಳಲ್ಲಿಯೂ ತೀರಿಕೊಂಡ ಅಜ್ಜಿಯ ಹೆಸರನ್ನು ಜ್ಞಾನಸ್ನಾನದಲ್ಲಿ ಮೊಮ್ಮಗಳಿಗಿಡುತ್ತೇವೆ. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಬಲಿಪೂಜೆಯನ್ನು ಅರ್ಪಿಸಿ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಆ ದಿನ ಹಸಿದವನೊಬ್ಬನಿಗೆ ಅನ್ನವನ್ನೋ, ರೋಗಿಯೊಬ್ಬನಿಗೆ ಔಷಧವನ್ನೋ ನೀಡಿದರೆ ನಮ್ಮ ಸ್ಮರಣೆಯೂ ಸಾರ್ಥಕವಾದೀತು. ಶತಮಾನೋತ್ಸವದ ಈ ವರ್ಷ ಪ್ರತಿಯೊಂದು ಮನೆಯೂ ಅಂತಹ ಒಂದು ಸಂಪ್ರದಾಯವನ್ನು ಆರಂಭಿಸಲೆಂದು ನಾವು ಪ್ರಾರ್ಥಿಸುತ್ತೇವೆ.