ಆಯ್ಲರ್ ಮತ್ತು ಸೆಂಟ್ರಿಂಗ್ ಕಂಬ

ಲಿಯೊನಾರ್ಡ್ ಆಯ್ಲರ್ ಹುಟ್ಟಿದ್ದು 1707ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ಮಗನೂ ತನ್ನಂತೆ ಪಾದ್ರಿ ಆಗ್ಲಿ ಅಂತ ಅಪ್ಪನ ಆಸೆ. ಮಗ ಗಣಿತ ಹಿಡಿದು 20ನೇ ವಯಸ್ಸಿಗೇ ರಷ್ಯಾಗೆ ಹೋದರು. ಮುಂದೆ ಬರ್ಲಿನ್‌ನಲ್ಲಿದ್ದಾಗ, 1744ರಲ್ಲಿ, ತೆಳ್ಳಗಿನ ಉದ್ದ ಕಂಬ ಎಷ್ಟು ಭಾರಕ್ಕೆ ಬಾಗುತ್ತೆ ಅನ್ನೋ ಲೆಕ್ಕ ಕೊಟ್ಟರು. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋದು ಅದನ್ನೇ.

ಆಗ ಆರ್‌ಸಿಸಿ ಇರಲೇ ಇಲ್ಲ. ಆದರೂ ನಮ್ಮ ಸೆಂಟ್ರಿಂಗ್‌ನ ಸರ್ವೆ ಕಂಬ ಅವರ ಮಾತನ್ನೇ ಕೇಳುತ್ತೆ: ಉದ್ದ ಎರಡು ಪಟ್ಟಾದರೆ ತಾಳಿಕೆ ಕಾಲು ಭಾಗ, ನಡುವೆ ಎರಡೂ ದಿಕ್ಕಿಗೆ ಬಿಗಿಯಾಗಿ ಹಿಡಿದರೆ ನಾಲ್ಕು ಪಟ್ಟು. ಬರೀ ಅಡ್ಡಪಟ್ಟಿ ಕಟ್ಟಿದರೆ ಇಡೀ ಸಾಲೇ ಒಟ್ಟಿಗೆ ವಾಲಬಹುದು, ಓರೆ ಬ್ರೇಸಿಂಗ್ ಬೇಕೇ ಬೇಕು. ಹಸಿ ಕಾಂಕ್ರೀಟ್ ಮೇಲೆ, ಕೆಳಗೆ ಇರೋರ ಜೀವದ ಪ್ರಶ್ನೆ ಇದು.

1766ರಲ್ಲಿ ಆಯ್ಲರ್ ರಷ್ಯಾಗೆ ವಾಪಸಾದರು. ಎರಡೂ ಕಣ್ಣು ಹೋದ ಮೇಲೂ ಬಾಯಲ್ಲಿ ಹೇಳಿ ಬರೆಸುತ್ತಿದ್ದರು, 1783ರಲ್ಲಿ ತೀರಿಕೊಳ್ಳುವವರೆಗೂ.