ಹೊಲವನ್ನು ಮರೆಯದ ಚಿತ್ರಕಾರ

ದೇವತೆಗಳು, ಅರಸರು, ರಣವೀರರು ಇವರೇ ಉನ್ನತ ಚಿತ್ರಕಲೆಗೆ ತಕ್ಕ ವಸ್ತುವೆಂದು ಫ್ರಾನ್ಸಿನ ಕಲಾಪಂಡಿತರು ಭಾವಿಸಿದ್ದ ಕಾಲದಲ್ಲಿ, ಬಡ ರೈತನನ್ನೂ ಅವನ ಮಕ್ಕಳನ್ನೂ ಚಿತ್ರಪಟದ ನಡುವೆ ನಿಲ್ಲಿಸಿದವನು ಜಾನ್ ಫ್ರಾನ್ಸ್ವಾ ಮಿಲೆ.

ಮಿಲೆ 1814ರ ಅಕ್ಟೋಬರ್ 4ರಂದು ನಾರ್ಮಂಡಿಯ ಕಡಲತೀರದ ಗ್ರುಷಿ ಎಂಬ ಪುಟ್ಟ ಹಳ್ಳಿಯಲ್ಲಿ ರೈತನ ಮಗನಾಗಿ ಜನಿಸಿದನು. ತಾಯಿ ಹೊಲದ ಕೆಲಸಕ್ಕೆ ಹೋಗುತ್ತಿದ್ದುದರಿಂದ ಬಾಲಕನನ್ನು ಸಾಕಿದವಳು ಅಜ್ಜಿ. ಇಗರ್ಜಿಯ ಗಂಟೆ ಕೇಳಿದೊಡನೆ ಹೊಲದ ಕೆಲಸ ನಿಲ್ಲಿಸಿ, ಅಗಲಿದವರಿಗಾಗಿ ಪ್ರಾರ್ಥಿಸುವಂತೆ ಆಕೆ ಮನೆಮಂದಿಗೆಲ್ಲ ಹೇಳುತ್ತಿದ್ದಳು. ಮಿಲೆ ತಂದೆಯೊಡನೆ ಉತ್ತನು, ಬಿತ್ತಿದನು, ಕೊಯ್ದನು. ಅವನ ಕೈಚಳಕವನ್ನು ಮೆಚ್ಚಿ ಷೆರ್ಬೂರ್ ನಗರಸಭೆಯು ವಿದ್ಯಾರ್ಥಿವೇತನವಿತ್ತು 1837ರಲ್ಲಿ ಪ್ಯಾರಿಸ್ಸಿಗೆ ಕಳುಹಿಸಿತು.

ಪ್ಯಾರಿಸ್ ಅವನಿಗೆ ಒಗ್ಗಲಿಲ್ಲ. ಎರಡೇ ವರ್ಷಗಳಲ್ಲಿ ವೇತನ ನಿಂತಿತು. ಹೊಟ್ಟೆಪಾಡಿಗಾಗಿ ಭಾವಚಿತ್ರಗಳನ್ನು ಬರೆದನು. ಮೊದಲ ಹೆಂಡತಿ 1844ರಲ್ಲಿ ಕ್ಷಯರೋಗಕ್ಕೆ ತುತ್ತಾದಳು. 1849ರಲ್ಲಿ ಎರಡನೆಯ ಸಂಗಾತಿ ಕ್ಯಾಥರೀನ್ ಮತ್ತು ಮಕ್ಕಳೊಡನೆ ಬಾರ್ಬಿಜೋನ್ ಎಂಬ ಹಳ್ಳಿಯನ್ನು ಸೇರಿ ಅದನ್ನೇ ಮನೆ ಮಾಡಿಕೊಂಡನು. ಮುಂದೆ ಒಂಬತ್ತು ಮಕ್ಕಳ ಸಂಸಾರ, ತೀರದ ಸಾಲ. 1851ರಲ್ಲಿ ಅಜ್ಜಿಯೂ 1853ರಲ್ಲಿ ತಾಯಿಯೂ ತೀರಿಕೊಂಡರು. ಕೊನೆಗಾಲದಲ್ಲಿ ಅವರ ಮುಖ ನೋಡುವ ಭಾಗ್ಯವೂ ಆ ಬಡವನಿಗೆ ದೊರೆಯಲಿಲ್ಲ.

ಬಿಟ್ಟುಬಂದ ಊರು ಅವನ ಕುಂಚದಲ್ಲಿ ಮರುಹುಟ್ಟು ಪಡೆಯಿತು. 1857ರ 'ಹಕ್ಕಲಾಯುವವರು' ಚಿತ್ರದಲ್ಲಿ ಕೊಯ್ಲಾದ ಹೊಲದಲ್ಲಿ ಮೂವರು ಹೆಂಗಸರು ಬಾಗಿ ತೆನೆ ಆಯುತ್ತಾರೆ. ವಿಮರ್ಶಕರು ಅದರಲ್ಲಿ ಬಡವರ ದಂಗೆಯ ನೆರಳು ಕಂಡು ಬೆದರಿದರು. 'ತುತ್ತು' ಎಂಬ ಚಿತ್ರದಲ್ಲಿ ಹೊಸ್ತಿಲ ಮೇಲೆ ಕುಳಿತ ಮೂವರು ಮಕ್ಕಳಿಗೆ ತಾಯಿ ಉಣಿಸುತ್ತಿದ್ದಾಳೆ; ಮಗುವೊಂದು ಮರಿಹಕ್ಕಿಯಂತೆ ಬಾಯ್ದೆರೆದಿದೆ; ಹಿಂದೆ ತಂದೆ ತೋಟ ಅಗೆಯುತ್ತಿದ್ದಾನೆ. 'ಸಂಜೆಯ ಪ್ರಾರ್ಥನೆ'ಯಲ್ಲಿ ಆಲೂಗಡ್ಡೆಯ ಹೊಲದ ನಡುವೆ ದಂಪತಿಗಳು ಗಂಟೆಯ ದನಿಗೆ ತಲೆಬಾಗಿ ನಿಂತಿದ್ದಾರೆ. ಮಿಲೆಯ ಅಜ್ಜಿ ಆ ಮೌನದೊಳಗೆ ಇದ್ದಾಳೆ.

ಕೀರ್ತಿ ತಡವಾಗಿ ಬಂದಿತು. 1868ರಲ್ಲಿ ಸರ್ಕಾರ ಗೌರವಪದವಿ ನೀಡಿತು. 1875ರ ಜನವರಿ 20ರಂದು ಮಿಲೆ ಕಣ್ಮುಚ್ಚಿದನು. ಅವನು ಸುಮಾರು 1,000 ಫ್ರಾಂಕಿಗೆ ಮಾರಿದ್ದ 'ಸಂಜೆಯ ಪ್ರಾರ್ಥನೆ' 1889ರ ಹರಾಜಿನಲ್ಲಿ ಐದೂವರೆ ಲಕ್ಷ ಫ್ರಾಂಕನ್ನು ಮೀರಿತು. ಅವನ ಹೆಂಡತಿಮಕ್ಕಳಿಗೆ ಅದರಲ್ಲಿ ಬಿಡಿಗಾಸೂ ಸೇರಲಿಲ್ಲ. ಕೃತಿಯ ಮರುಮಾರಾಟದಲ್ಲಿ ಕಲಾವಿದನಿಗೂ ಅವನ ವಾರಸುದಾರರಿಗೂ ಪಾಲು ನೀಡುವ ಕಾನೂನನ್ನು ಫ್ರಾನ್ಸ್ 1920ರಲ್ಲಿ ಮಾಡಿತು. ಅದಕ್ಕೆ ಈ ಅನ್ಯಾಯವೂ ಒಂದು ಪ್ರೇರಣೆಯಾಯಿತು.

ಕಲಿಯಲೆಂದು ಊರು ಬಿಟ್ಟವನು ಊರನ್ನು ಮರೆಯಬೇಕಾಗಿಲ್ಲವೆಂಬುದಕ್ಕೆ ಮಿಲೆಯ ಬಾಳೇ ಸಾಕ್ಷಿ.